ಸವಳು ನೆಲದ ಹುಲ್ಲು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಫೋನ್ ಮಾಡಿದಾಗ ಕೃತಕ ಬುದ್ಧಿಮತ್ತೆ ಮತ್ತು ಉದ್ಯೋಗಾವಕಾಶಗಳ ಬಗ್ಗೆ ಮಾತಾಡಿ ಎಂದಿದ್ದರು. ದಾವಣಗೆರೆಯಲ್ಲಿ ಬಿಇ ಮುಗಿಸಿ ಬೆಂಗಳೂರಿನಲ್ಲಿ ಹನ್ನೆರಡು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತವನಿಂದ ಅದನ್ನು ನಿರೀಕ್ಷಿಸುವುದು ಸಹಜ. ಆದರೆ ಆ ವಿಷಯವನ್ನು ನಿಮ್ಮ ಮೊಬೈಲೇ ದಿನಕ್ಕೆ ಹತ್ತು ಸಲ ಹೇಳುತ್ತದೆ. ನಮ್ಮ ಕೆರೆ ಏರಿಯ ಕೆಳಗೆ ಬೇಸಿಗೆಯಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗುವ ಗೋಮಾಳವಿದೆಯಲ್ಲ, ಅಲ್ಲಿ ಬೆಳೆಯುವ ಹುಲ್ಲಿನ ಬಗ್ಗೆ ಯಾವ ಮೊಬೈಲೂ ಹೇಳುವುದಿಲ್ಲ. ಅದಕ್ಕೇ ಇವತ್ತು ಹುಲ್ಲಿನ ಬಗ್ಗೆ ಮಾತಾಡುತ್ತೇನೆ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಆ ಗೋಮಾಳವನ್ನು ಜೆಸಿಬಿ ತಂದು ಮಟ್ಟ ಮಾಡಿಸಿ ಉಪಯೋಗಕ್ಕೆ ತರಬೇಕು ಎಂಬ ಮಾತು ಊರಲ್ಲಿ ನಡೆದಿದೆ. ಆ ಮಾತಾಡಿದವರು ನಮ್ಮವರೇ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಅವರು ತೀರ್ಮಾನಕ್ಕೆ ಬರುವ ಮೊದಲು ನನ್ನದೂ ನಾಲ್ಕು ಮಾತು ಕೇಳಲಿ ಎಂಬ ಆಸೆ.

ಮೊದಲು ಉಪ್ಪು ಎಲ್ಲಿಂದ ಬಂತು ನೋಡೋಣ. ನಮಗೂ ಸಮುದ್ರಕ್ಕೂ ಇನ್ನೂರು ಕಿಲೋಮೀಟರಿಗಿಂತ ಹೆಚ್ಚು ದೂರ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕುಗಳ ಆಡಳಿತದ ವಿಳಾಸ ಎಷ್ಟೋ ಸಲ ಬದಲಾಗಿದೆ. 1953ರವರೆಗೆ ಮದ್ರಾಸ್ ಕಡೆ, ಆಮೇಲೆ ಮೈಸೂರು ಕಡೆ. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ವಾಪಸ್ ಬಂದು 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಬದಲಾಗದೆ ಇರುವುದು ನಮ್ಮ ಮಳೆ ಮತ್ತು ಬಿಸಿಲು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬಂದರೆ, ಬಿಸಿಲು ಮತ್ತು ಗಾಳಿ ಅದರ ಎರಡು ಮೂರು ಪಟ್ಟು ನೀರನ್ನು ಆವಿ ಮಾಡಬಲ್ಲವು. ಇಲ್ಲಿನ ಕಲ್ಲು ಸವೆದು ಮಣ್ಣಾಗುವಾಗ ಅದರೊಳಗಿನ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುಗಡೆಯಾಗುತ್ತವೆ. ಮಲೆನಾಡಿನಲ್ಲಾದರೆ ಮಳೆ ಅವನ್ನು ತೊಳೆದು ಹೊಳೆಗೆ ಹಾಕುತ್ತದೆ. ನಮ್ಮಲ್ಲಿ ಮಳೆಯ ನೀರು ಅವನ್ನು ದಿಬ್ಬದಿಂದ ತಗ್ಗಿನವರೆಗೆ ಮಾತ್ರ ಹೊತ್ತು ತರುತ್ತದೆ. ಅಲ್ಲಿ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಸಾವಿರಾರು ವರ್ಷ ಇದೇ ನಡೆದರೆ ತಗ್ಗೆಲ್ಲ ಸವಳಾಗುತ್ತದೆ.

ನೆಲದಡಿಯ ನೀರು ಮೇಲಿದ್ದರಂತೂ ಇನ್ನೂ ಸುಲಭ. ಲಾಂದ್ರದ ಬತ್ತಿ ಸೀಮೆಎಣ್ಣೆಯನ್ನು ಎಳೆದುಕೊಳ್ಳುವ ಹಾಗೆ ಮಣ್ಣಿನ ಸಣ್ಣ ಸಣ್ಣ ಸಂದುಗಳು ನೀರನ್ನು ಮೇಲಕ್ಕೆ ಎಳೆಯುತ್ತವೆ. ನೀರಿನ ಜೊತೆ ಉಪ್ಪೂ ಏರುತ್ತದೆ. ಮೇಲೆ ಬಂದ ನೀರು ಗಾಳಿಗೆ ಹೋಗುತ್ತದೆ, ಉಪ್ಪು ಪೊರೆಯಾಗಿ ಕೂರುತ್ತದೆ. ಏಪ್ರಿಲ್ ತಿಂಗಳಲ್ಲಿ ನೀವು ಕಾಣುವ ಬಿಳಿ ಬಣ್ಣ ಅದು.

ಈ ಬಿಳಿ ಮಣ್ಣನ್ನು ನಮ್ಮ ಹಿರಿಯರು ದಂಡ ಎಂದು ಭಾವಿಸಿರಲಿಲ್ಲ. ಮಡಿವಾಳರು ಚೌಳು ಮಣ್ಣು ತಂದು ಬಟ್ಟೆ ಒಗೆಯುತ್ತಿದ್ದರು. ಅದರಲ್ಲಿರುವ ಸೋಡಾ ಜಿಡ್ಡು ಬಿಡಿಸುತ್ತದೆ. ಉಪ್ಪಾರರ ಹೆಸರಿನಲ್ಲೇ ಉಪ್ಪು ಇದೆ. ಬಳ್ಳಾರಿ ಸೀಮೆಯಲ್ಲಿ ಅವರು ಸವಳು ಮಣ್ಣನ್ನು ಕೆರೆದು ತಂದು, ನೀರು ಹಾಯಿಸಿ, ಸೋಸಿ, ಬಿಸಿಲಿಗಿಟ್ಟು ಉಪ್ಪು ತೆಗೆಯುತ್ತಿದ್ದರು. ಸಮುದ್ರದ ಉಪ್ಪಿನ ಮೇಲೆ ತೆರಿಗೆ ಎತ್ತುತ್ತಿದ್ದ ಬ್ರಿಟಿಷ್ ಸರ್ಕಾರಕ್ಕೆ ಈ ಮಣ್ಣುಪ್ಪು ಕಣ್ಣುರಿಯಾಯಿತು, ಹತ್ತೊಂಬತ್ತನೇ ಶತಮಾನದಲ್ಲೇ ಅದನ್ನು ನಿಲ್ಲಿಸಿತು. ಗಾಂಧೀಜಿ ದಂಡಿಯಲ್ಲಿ ಒಂದು ಹಿಡಿ ಉಪ್ಪು ಎತ್ತಿದ್ದು 1930ರಲ್ಲಿ. ನಮ್ಮ ಸೀಮೆಯ ಉಪ್ಪಿನ ಕಥೆ ಅದಕ್ಕಿಂತ ಬಹಳ ಹಿಂದಿನದು. ನಮ್ಮ ಪಾಠಪುಸ್ತಕದಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ.

ಇನ್ನು ಗಿಡಕ್ಕೆ ಉಪ್ಪಿನಿಂದ ಏನು ಕಷ್ಟ? ಇದನ್ನು ತಿಳಿಯಲು ಪ್ರಯೋಗಾಲಯ ಬೇಡ, ಮನೆಯ ಉಪ್ಪಿನಕಾಯಿ ಭರಣಿ ಸಾಕು. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಹೋಳು ಮುದುರಿರುತ್ತದೆ, ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ. ಆ ನೀರು ಹೋಳಿನೊಳಗಿಂದ ಬಂದದ್ದು. ಉಪ್ಪು ಹೆಚ್ಚಿರುವ ಕಡೆಗೆ ನೀರು ಹರಿಯುತ್ತದೆ. ಸವಳು ನೆಲದಲ್ಲಿ ಬೇರು ಇರುವುದು ಹೀಗೇ, ಭರಣಿಯ ಹೋಳಿನ ಹಾಗೆ. ಸುತ್ತ ಹಸಿ ಇದ್ದರೂ ಅದಕ್ಕೆ ನೀರು ದಕ್ಕುವುದಿಲ್ಲ. ಹೊಲದಲ್ಲಿ ತೇವ ಇದ್ದೂ ಮೆಕ್ಕೆಜೋಳ ಬಾಡಿ ನಿಲ್ಲುವುದನ್ನು ನೀವು ನೋಡಿರುತ್ತೀರಿ. ಇದು ಮೊದಲನೆಯ ಕಷ್ಟ. ಎರಡನೆಯದು ನಿಧಾನವಾಗಿ ಬರುತ್ತದೆ. ನೀರಿನ ಜೊತೆ ಒಳಗೆ ನುಗ್ಗಿದ ಸೋಡಿಯಂ ಎಲೆಯಲ್ಲಿ ಸೇರಿಕೊಂಡು, ಪೊಟ್ಯಾಸಿಯಂ ಕೂರಬೇಕಾದ ಜಾಗದಲ್ಲಿ ತಾನು ಕೂತುಬಿಡುತ್ತದೆ. ಎರಡೂ ನೋಡಲು ಅಣ್ಣತಮ್ಮಂದಿರ ಹಾಗೆ, ಕೆಲಸ ಮಾತ್ರ ಬೇರೆ. ಪೊಟ್ಯಾಸಿಯಂ ಇಲ್ಲದೆ ಜೀವಕೋಶದ ಕಿಣ್ವಗಳು ಕೆಲಸ ಮಾಡುವುದಿಲ್ಲ. ಎಲೆಯ ತುದಿಯಿಂದ ಸುಡುತ್ತಾ ಬರುತ್ತದೆ.

ಈಗ ಹುಲ್ಲಿಗೆ ಬರೋಣ. ಗಣೇಶನ ಹಬ್ಬಕ್ಕೆ ನಾವು ಕಿತ್ತು ತರುವ ಗರಿಕೆಯನ್ನೇ ತೆಗೆದುಕೊಳ್ಳಿ. ಸವಳು ಜಾಗದಲ್ಲಿ ಅದರ ಜೊತೆಗೆ ಸ್ಪೊರೊಬೊಲಸ್ ಎಂಬ ಕುಲದ ಸಣ್ಣ ಹುಲ್ಲುಗಳೂ ಇರುತ್ತವೆ. ನಮ್ಮೂರಲ್ಲಿ ಅದಕ್ಕೆ ಬೇರೆ ಹೆಸರು ನಾನು ಕೇಳಿಲ್ಲ, ಹುಲ್ಲು ಅಂದರೆ ಮುಗಿಯಿತು. ಹುಲ್ಲಿನ ದೊಡ್ಡ ಕುಟುಂಬದೊಳಗೆ ಇವೆರಡೂ ಒಂದೇ ಉಪಕುಟುಂಬದವು. ಅದೇ ಉಪಕುಟುಂಬದಲ್ಲಿ ನಮಗೆ ಬಹಳ ಬೇಕಾದ ಇನ್ನೊಂದು ಇದೆ: ರಾಗಿ. ಜೋಳ, ಭತ್ತ, ಗೋಧಿ ಬೇರೆ ಬೇರೆ ಉಪಕುಟುಂಬಗಳಿಗೆ ಸೇರಿದವು. ಗರಿಕೆ ರಾಗಿಯ ದಾಯಾದಿ ಎಂದು ಗೊತ್ತಾದ ದಿನ ನಾನು ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ತೆನೆ ನೋಡಿದ್ರ ಗೊತ್ತಾಗಲ್ಲೇನೋ, ಬೆರಳು ಬಿಡಿಸಿದಂಗ ಐತಿ ಎರಡೂ" ಅಂದರು. ಸಸ್ಯಶಾಸ್ತ್ರಜ್ಞರೂ ಮೊದಲು ನೋಡುವುದು ತೆನೆಯನ್ನೇ.

ಗರಿಕೆ ಉಪ್ಪನ್ನು ಹೇಗೆ ತಾಳಿಕೊಳ್ಳುತ್ತದೆ? ಮೊದಲ ಕಾವಲು ಬೇರಿನಲ್ಲಿದೆ. ಬೇರಿನ ಒಳಗೆ ನೀರಿನ ಕೊಳವೆಗಳ ಸುತ್ತ ಒಂದು ಸುತ್ತು ಜೀವಕೋಶಗಳಿರುತ್ತವೆ. ಅವುಗಳ ನಡುವಿನ ಸಂದುಗಳಿಗೆ ಮೇಣದಂಥ ಪಟ್ಟಿ ಮೆತ್ತಿರುತ್ತದೆ. ಮನೆ ಕಟ್ಟುವಾಗ ಕಲ್ಲಿನ ಸಂದಿಗೆ ಗಾರೆ ತುಂಬಿದ ಹಾಗೆ. ಹಾಗಾಗಿ ಸಂದಿಯಿಂದ ನುಸುಳಲು ಆಗದು. ಒಳಗೆ ಹೋಗಬೇಕಾದರೆ ಜೀವಕೋಶದ ಬಾಗಿಲಿನಿಂದಲೇ ಹೋಗಬೇಕು, ಬಾಗಿಲಲ್ಲಿ ತಪಾಸಣೆ ಇದೆ. ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ ಫೈರ್‌ವಾಲ್ ಅನ್ನುತ್ತೇವೆ. ಎಲ್ಲ ಗಿಡಗಳಿಗೂ ಇದು ಇದೆ, ಆದರೆ ಸವಳಿನ ಹುಲ್ಲುಗಳಲ್ಲಿ ಬಹಳ ಬಿಗಿ. ಬಿಗಿ ಇರಲೇಬೇಕು, ಏಕೆಂದರೆ ಗಿಡ ತನ್ನಲ್ಲಿ ಉಳಿಸಿಕೊಳ್ಳುವ ನೀರಿಗಿಂತ ಹತ್ತಾರು ಪಟ್ಟು ನೀರನ್ನು ಎಲೆಯಿಂದ ಆವಿಯಾಗಿ ಬಿಡುತ್ತದೆ. ಬಂದ ಉಪ್ಪನ್ನೆಲ್ಲ ಒಳಗೆ ಬಿಟ್ಟರೆ ನೀರು ಹೋಗಿ ಉಪ್ಪು ಕೂಡುತ್ತಾ ಕೆಲವೇ ದಿನಗಳಲ್ಲಿ ಎಲೆಯೇ ಸವಳು ಭೂಮಿಯಾಗುತ್ತದೆ.

ಅಷ್ಟಾದರೂ ಸ್ವಲ್ಪ ಸೋಡಿಯಂ ನುಸುಳುತ್ತದೆ. ಕೊಳವೆಯಲ್ಲಿ ಮೇಲೇರುವಾಗ ಅದನ್ನು ಹಿಡಿದು ವಾಪಸ್ ಬೇರಿನ ಕಡೆಗೇ ಎಳೆಯುವ ಪ್ರೋಟೀನುಗಳಿವೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಹಳೆಯ ಕಾಲದ ಒಂದು ಗೋಧಿಯಲ್ಲಿದ್ದ ಅಂಥ ಪ್ರೋಟೀನಿನ ವಂಶವಾಹಿಯನ್ನು, ರವೆ ಮತ್ತು ಪಾಸ್ತಾ ಮಾಡುವ ಡ್ಯೂರಮ್ ಗೋಧಿಗೆ ತಳಿ ಸಂಕರಣದಿಂದ ಸೇರಿಸಿದರು. ಉಪ್ಪಿನ ಹೊಲದಲ್ಲಿ ಇಳುವರಿ ಶೇ. 25ರಷ್ಟು ಹೆಚ್ಚಿತು. 2012ರಲ್ಲಿ ಅದು ಪ್ರಕಟವಾದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಇಂಥ ವಿದ್ಯೆಯನ್ನು ಹುಲ್ಲುಗಳು ಯಾರ ಸಹಾಯವೂ ಇಲ್ಲದೆ ಲಕ್ಷಾಂತರ ವರ್ಷದಿಂದ ನಡೆಸಿಕೊಂಡು ಬಂದಿವೆ.

ಎರಡನೆಯ ಉಪಾಯ ಉಗ್ರಾಣ. ಹತ್ತನೇ ತರಗತಿಯವರು ರಸದಾನಿ ಎಂಬ ಪದ ಓದಿದ್ದೀರಿ, ಜೀವಕೋಶದ ನಡುವೆ ಇರುವ ನೀರಿನ ಚೀಲ. ಎಲೆಗೆ ಬಂದ ಸೋಡಿಯಂ ಅನ್ನು ಪಂಪು ಮಾಡಿ ಆ ಚೀಲಕ್ಕೆ ತುಂಬಲಾಗುತ್ತದೆ, ಕೆಲಸ ನಡೆಯುವ ಕೋಶದ್ರವ್ಯಕ್ಕೆ ಅದು ತಾಗುವುದಿಲ್ಲ. ಇಲ್ಲಿ ಒಂದು ಜಾಣತನ ಇದೆ. ಚೀಲದಲ್ಲಿ ಕೂಡಿಟ್ಟ ಉಪ್ಪೇ ಹೊರಗಿನ ಉಪ್ಪಿನ ವಿರುದ್ಧ ನೀರನ್ನು ಎಳೆಯಲು ಬಳಕೆಯಾಗುತ್ತದೆ. ಭರಣಿಯ ಹೋಳು ಸೋತದ್ದು ಹೊರಗೆ ಉಪ್ಪು ಹೆಚ್ಚು, ಒಳಗೆ ಕಡಿಮೆ ಇದ್ದುದರಿಂದ. ಹುಲ್ಲು ಒಳಗೂ ಉಪ್ಪು ಇಟ್ಟು ತಕ್ಕಡಿ ಸರಿ ಮಾಡುತ್ತದೆ. ಹಾಗಾದರೆ ಚೀಲಕ್ಕೂ ಕೋಶದ್ರವ್ಯಕ್ಕೂ ನಡುವೆ ನೀರಿನ ಜಗಳ ಬರುವುದಿಲ್ಲವೇ? ಬರುತ್ತದೆ. ಅದಕ್ಕಾಗಿ ಕೋಶದ್ರವ್ಯದಲ್ಲಿ ಪ್ರೋಲಿನ್, ಗ್ಲೈಸೀನ್ ಬೀಟೈನ್ ಎಂಬ ನಿರುಪದ್ರವಿ ವಸ್ತುಗಳನ್ನು ತಯಾರಿಸಿ ಕರಗಿಸಿಕೊಳ್ಳುತ್ತದೆ. ಅವು ಎಷ್ಟಿದ್ದರೂ ಕಿಣ್ವಗಳಿಗೆ ತೊಂದರೆಯಿಲ್ಲ. ಆದರೆ ಇದೆಲ್ಲ ಪುಕ್ಕಟೆ ಅಲ್ಲ. ಪಂಪು ನಡೆಸಲು, ಈ ವಸ್ತುಗಳನ್ನು ಮಾಡಲು ಶಕ್ತಿ ಖರ್ಚಾಗುತ್ತದೆ. ಸವಳಿನ ಹುಲ್ಲು ಕುಳ್ಳಗೆ, ನಿಧಾನವಾಗಿ ಬೆಳೆಯುವುದು ಅದಕ್ಕೇ. ಅದನ್ನು ನೋಡಿ ನೆಲ ಬರಡು, ಹುಲ್ಲು ಬಡಕಲು ಎನ್ನುತ್ತೇವೆ. ಬಾಡಿಗೆಗೇ ಅರ್ಧ ಸಂಬಳ ಕೊಟ್ಟು ಬೆಂಗಳೂರಿನಲ್ಲಿ ಬದುಕುವ ನಮ್ಮಂಥವರಿಗೆ ಆ ಹುಲ್ಲಿನ ಲೆಕ್ಕಾಚಾರ ಚೆನ್ನಾಗಿ ಅರ್ಥವಾಗುತ್ತದೆ.

ಮೂರನೆಯದೇ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಗರಿಕೆಯ ಎಲೆಯ ಮೇಲೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಒಂದೊಂದು ಕೂದಲಿಗೆ ಎರಡೇ ಜೀವಕೋಶ. ಕೆಳಗಿನದು ಎಲೆಯೊಳಗೆ ಕೂತು ಸುತ್ತಲಿನಿಂದ ಉಪ್ಪನ್ನು ಸೆಳೆದುಕೊಳ್ಳುತ್ತದೆ, ಮೇಲಿನದು ಟೋಪಿಯ ಹಾಗಿದ್ದು ಅದನ್ನು ಹೊರಗೆ ಹಾಕುತ್ತದೆ. ಇವು ಉಪ್ಪಿನ ಗ್ರಂಥಿಗಳು. ನಾವು ಬೆವರಿದ ಹಾಗೆ ಹುಲ್ಲು ಉಪ್ಪು ಬೆವರುತ್ತದೆ. ಬೇಸಿಗೆಯ ಬೆಳಿಗ್ಗೆ ಏರಿಯ ಕೆಳಗೆ ಹೋಗಿ ಹುಲ್ಲಿನ ಎಸಳನ್ನು ಬಿಸಿಲಿಗೆ ಅಡ್ಡ ಹಿಡಿದು ನೋಡಿ, ಸಣ್ಣ ಹರಳುಗಳು ಮಿನುಗುತ್ತವೆ. ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿ. ಹಾಂ, ಔಷಧಿ ಹೊಡೆದ ಹೊಲದ ಬದುವಿನ ಹುಲ್ಲನ್ನು ಮಾತ್ರ ನೆಕ್ಕಬೇಡಿ.

ಒಂದು ತಪ್ಪು ಕಲ್ಪನೆ ಇಲ್ಲೇ ಬಿಡಿಸುತ್ತೇನೆ. ಹುಲ್ಲು ಉಪ್ಪನ್ನು ಎಳೆದುಕೊಂಡು ನೆಲವನ್ನು ಸಿಹಿ ಮಾಡಿಬಿಡುತ್ತದೆ ಎಂದು ಕೆಲವರು ಹೇಳುತ್ತಾರೆ. ಹಾಗಲ್ಲ. ಎಲೆಯಿಂದ ಹೊರಬಿದ್ದ ಉಪ್ಪು ಮಳೆಗೆ ಮತ್ತೆ ಅದೇ ನೆಲಕ್ಕೆ ಬೀಳುತ್ತದೆ. ಕುರಿ ಮೇಯ್ದು ಹೊತ್ತೊಯ್ಯುವುದು ನೆಲದಲ್ಲಿರುವ ರಾಶಿಯ ಮುಂದೆ ಲೆಕ್ಕಕ್ಕೇ ಇಲ್ಲ. ಹುಲ್ಲಿನ ಉಪಕಾರ ಬೇರೆ ಕಡೆ ಇದೆ. ಅದು ನೆಲವನ್ನು ಮುಚ್ಚುತ್ತದೆ. ಮುಚ್ಚಿದ ನೆಲದಿಂದ ನೀರು ಆವಿಯಾಗುವುದು ಕಡಿಮೆ, ಆದ್ದರಿಂದ ಕೆಳಗಿನ ಉಪ್ಪು ಮೇಲೇರುವುದೂ ಕಡಿಮೆ. ಅದರ ಬೇರು ಸತ್ತು ಕೊಳೆತ ಜಾಗದಲ್ಲಿ ಸಣ್ಣ ಕೊಳವೆಗಳಾಗುತ್ತವೆ, ಮಳೆ ನೀರು ಅವುಗಳಲ್ಲಿ ಇಳಿದು ಉಪ್ಪನ್ನು ಆಳಕ್ಕೆ ತಳ್ಳುತ್ತದೆ. ಬೇರು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಮಣ್ಣಿನ ಸುಣ್ಣದ ಕಲ್ಲನ್ನು ಸ್ವಲ್ಪ ಸ್ವಲ್ಪ ಕರಗಿಸಿ ಕ್ಯಾಲ್ಸಿಯಂ ಬಿಡಿಸುತ್ತದೆ. ಕ್ಯಾಲ್ಸಿಯಂ ಬಂದರೆ ಜೇಡಿಗೆ ಅಂಟಿದ ಸೋಡಿಯಂ ಜಾಗ ಖಾಲಿ ಮಾಡುತ್ತದೆ.

ಇದು ಪುಸ್ತಕದ ಬದನೆಕಾಯಿ ಅಲ್ಲ. ಹರಿಯಾಣದ ಕರ್ನಾಲ್‌ನಲ್ಲಿ 1969ರಲ್ಲಿ ಶುರುವಾದ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಇದೇ ತತ್ವದ ಮೇಲೆ ಒಂದು ಹುಲ್ಲನ್ನು ಬಳಕೆಗೆ ತಂದಿತು. ಅದಕ್ಕೆ ಕರ್ನಾಲ್ ಹುಲ್ಲು ಎಂದೇ ಹೆಸರು. ರಸಸಾರ, ಅಂದರೆ ಪಿಎಚ್, 10 ದಾಟಿದ ಮಣ್ಣಿನಲ್ಲಿ, ನೀರು ನಿಂತ ಕಡೆಯಲ್ಲೂ ಅದು ಬೆಳೆಯುತ್ತದೆ. ಪಾಕಿಸ್ತಾನದ ಪಂಜಾಬಿನಲ್ಲಿ ಅದನ್ನೇ ಕಲ್ಲರ್ ಹುಲ್ಲು ಎನ್ನುತ್ತಾರೆ. ಗಡಿಯ ಎರಡೂ ಕಡೆಯವರು ಒಪ್ಪಿದ ಕೆಲವೇ ಸಂಗತಿಗಳಲ್ಲಿ ಇದೂ ಒಂದು. ಅದೂ ನಮ್ಮ ಗರಿಕೆಯ ಉಪಕುಟುಂಬದ್ದೇ.

ಗಣಿತ ಇಷ್ಟಪಡುವವರಿಗೆ ಸ್ವಲ್ಪ ಲೆಕ್ಕ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲವಣತೆ ಪ್ರಯೋಗಾಲಯದ ಮಾಸ್ ಮತ್ತು ಹಾಫ್‌ಮನ್ ಎಂಬ ಇಬ್ಬರು 1977ರಲ್ಲಿ ಒಂದು ಪಟ್ಟಿ ಪ್ರಕಟಿಸಿದರು. ಪ್ರತಿ ಬೆಳೆಗೆ ಎರಡೇ ಸಂಖ್ಯೆ. ಮಣ್ಣಿನ ಉಪ್ಪನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ, ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಅದು ಇಸಿ ಎಂದಿರುತ್ತದೆ. 4 ದಾಟಿದರೆ ಸವಳು ಎಂದು ಲೆಕ್ಕ. ಪಟ್ಟಿಯ ಮೊದಲ ಸಂಖ್ಯೆ, ಎಷ್ಟು ಇಸಿವರೆಗೆ ಬೆಳೆಗೆ ಏನೂ ಆಗುವುದಿಲ್ಲ ಎಂಬುದು. ಎರಡನೆಯದು, ಅದನ್ನು ದಾಟಿದ ಮೇಲೆ ಒಂದೊಂದು ಇಸಿಗೆ ನೂರಕ್ಕೆ ಎಷ್ಟು ಇಳುವರಿ ಬೀಳುತ್ತದೆ ಎಂಬುದು. ಈರುಳ್ಳಿಗೆ 1.2 ಮತ್ತು 16. ಮೆಕ್ಕೆಜೋಳಕ್ಕೆ 1.7 ಮತ್ತು 12. ಶೇಂಗಾಕ್ಕೆ 3.2 ಮತ್ತು 29. ಜೋಳಕ್ಕೆ 6.8 ಮತ್ತು 16. ಗರಿಕೆಗೆ 6.9 ಮತ್ತು 6.4.

ಇಸಿ 8 ಇರುವ ಒಂದು ತುಂಡು ನೆಲ ಎಂದುಕೊಳ್ಳಿ. ಶೇಂಗಾ, ಈರುಳ್ಳಿ ಲೆಕ್ಕದಲ್ಲಿ ಸೊನ್ನೆಗೆ ಹೋಗುತ್ತವೆ. ಮೆಕ್ಕೆಜೋಳ ನಾಲ್ಕರಲ್ಲಿ ಒಂದು ಪಾಲು ಉಳಿಯುತ್ತದೆ. ಜೋಳ ಶೇ. 80ರಷ್ಟು, ಗರಿಕೆ ಶೇ. 93ರಷ್ಟು. ಇಲ್ಲಿ ಜೋಳಕ್ಕೂ ಗರಿಕೆಗೂ ದೊಡ್ಡ ಅಂತರವಿಲ್ಲ, ನಮ್ಮ ಹಿರಿಯರು ಇಂಥ ನೆಲದಲ್ಲಿ ಜೋಳ ಬಿತ್ತುತ್ತಿದ್ದುದು ಸುಮ್ಮನೆ ಅಲ್ಲ. ಈಗ ಇಸಿ 12 ಮಾಡಿ. ಜೋಳ ಶೇ. 17ಕ್ಕೆ ಕುಸಿಯುತ್ತದೆ, ಗರಿಕೆ ಇನ್ನೂ ಮೂರರಲ್ಲಿ ಎರಡು ಪಾಲು ನಿಂತಿರುತ್ತದೆ. ಬೆಳೆ ತಾಳುವ ಗಡಿ ಎಷ್ಟು ಎಂಬುದರಷ್ಟೇ, ಗಡಿ ದಾಟಿದ ಮೇಲೆ ಎಷ್ಟು ನಿಧಾನವಾಗಿ ಬೀಳುತ್ತದೆ ಎಂಬುದೂ ಮುಖ್ಯ. ಒಂದು ಎಚ್ಚರಿಕೆ: ಆ ಪಟ್ಟಿಯ ಇಸಿ, ಮಣ್ಣನ್ನು ಕೆಸರಿನ ಹಾಗೆ ಕಲಸಿ ಅದರಿಂದ ಹಿಂಡಿದ ನೀರಿನದು. ನಮ್ಮ ಮಣ್ಣು ಆರೋಗ್ಯ ಚೀಟಿಯಲ್ಲಿ ಬರುವುದು ಮಣ್ಣಿಗೆ ಎರಡೂವರೆ ಪಟ್ಟು ನೀರು ಹಾಕಿ ತೆಳುವಾಗಿಸಿ ಅಳೆದದ್ದು. ಅಲ್ಲಿ ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ. ಚೀಟಿಯಲ್ಲಿ 2 ಇದೆ, ನಮ್ಮದು ಒಳ್ಳೆಯ ನೆಲ ಎಂದು ಈರುಳ್ಳಿ ಹಾಕುವ ಮೊದಲು ಯೋಚಿಸಿ.

ನಾನು ಇದನ್ನೆಲ್ಲ ಓದಲು ಶುರು ಮಾಡಿದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಎಂದು ಊರಿಗೆ ಬಂದಾಗ. ಬೆಳಿಗ್ಗೆ ಹೊತ್ತು ಕುರಿ ಕಾಯುವ ನಮ್ಮ ಓಣಿಯ ಅಜ್ಜನ ಜೊತೆ ಗೋಮಾಳಕ್ಕೆ ಹೋಗುತ್ತಿದ್ದೆ. ಅಜ್ಜನಿಗೆ ಓದು ಬರಹ ಬರುವುದಿಲ್ಲ. ಒಂದು ದಿನ ಕೇಳಿದೆ, "ಯಜ್ಜ, ದಿಬ್ಬದ ಮ್ಯಾಲೆ ಹುಲ್ಲು ಎತ್ತರ ಐತಿ, ನಿನ್ನ ಕುರಿ ಯಾಕ ಈ ಕುಳ್ಳ ಹುಲ್ಲಿಗೇ ಓಡ್ತಾವ?" ಅಜ್ಜ ನಕ್ಕರು. "ತಮ್ಮಾ, ಅದು ಮಳಿ ಹುಲ್ಲು, ಯಾಡ್ ತಿಂಗಳಿಗೆ ಒಣಗಿ ಕಡ್ಡಿ ಆಕ್ಕತಿ. ಇದು ಸವಳ ಹುಲ್ಲು, ಬ್ಯಾಸಿಗ್ಯಾಗೂ ಬುಡದಾಗ ಹಸರು ಇರ್ತತಿ. ಉಪ್ಪೂ ಇದರಾಗ ಐತಿ, ಹೊಟ್ಟಿನೂ ಇದರಾಗ ತುಂಬತತಿ. ನೀರು ಮಾತ್ರ ಹತ್ತರ ಇರಬೇಕು, ಇದನ್ನ ಮೇದ ಕುರಿ ಭಾಳ ಕುಡಿತಾವ." ಉಪ್ಪಿನ ಮೇವು ತಿಂದ ಜಾನುವಾರು ಹೆಚ್ಚು ನೀರು ಕುಡಿಯುತ್ತವೆ ಎಂಬುದನ್ನು ನಾನು ಆಮೇಲೆ ಲೇಖನಗಳಲ್ಲಿ ಓದಿದೆ. ತಗ್ಗಿನಲ್ಲಿ ತೇವ ಹೆಚ್ಚು ದಿನ ಉಳಿಯುವುದರಿಂದ ಮತ್ತು ಈ ಹುಲ್ಲುಗಳು ಕಡಿಮೆ ನೀರಿನಲ್ಲಿ ಹೆಚ್ಚು ಆಹಾರ ತಯಾರಿಸುವ ಸಿ-4 ಎಂಬ ವಿಧಾನದವು ಆದ್ದರಿಂದ ಹಸಿರು ಉಳಿಯುತ್ತದೆ ಎಂಬುದನ್ನೂ ಓದಿದೆ. ಅಜ್ಜ ಹೇಳಿದ್ದರಲ್ಲಿ ತಿದ್ದಲು ಏನೂ ಇರಲಿಲ್ಲ.

ನಮ್ಮ ಸೀಮೆಯ ಬದುಕಿನಲ್ಲಿ ಈ ಮೇವಿನ ಪಾಲು ಸಣ್ಣದಲ್ಲ. ಬಳ್ಳಾರಿ ಹೆಸರಿನ ಕುರಿ ತಳಿಯೇ ಇದೆ. ಕೂಡ್ಲಿಗಿಯಿಂದ ಮೊಳಕಾಲ್ಮೂರು, ಚಳ್ಳಕೆರೆಯವರೆಗೆ ಮ್ಯಾಸನಾಯಕರ ದೇವರ ಎತ್ತುಗಳಿವೆ, ಅವನ್ನು ಕಿಲಾರಿಗಳು ಮೇಯಿಸುತ್ತಾರೆ. ಅವು ಉಳುವುದಿಲ್ಲ, ಮಾರಾಟಕ್ಕಿಲ್ಲ, ಬಯಲು ಹುಲ್ಲನ್ನೇ ನಂಬಿವೆ. ಬಯಲು ಕಡಿಮೆಯಾದ ವರ್ಷ ಅವುಗಳಿಗೆ ಮೇವು ಕೊಡಿ ಎಂದು ಮನವಿ ಹಿಡಿದು ಅಲೆಯಬೇಕಾಗುತ್ತದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ನೀರು ಕೊಡಲು ಶುರು ಮಾಡಿದಾಗ ನಾವು ಅಣೆಕಟ್ಟಿನ ಮೇಲ್ಭಾಗದಲ್ಲಿದ್ದೆವು. ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಊರುಗಳು ಹಿನ್ನೀರಿಗೆ ಹೋದವು, ಕಾಲುವೆ ಹೋದದ್ದು ಗಂಗಾವತಿ, ಸಿಂಧನೂರು, ಮಾನ್ವಿ, ಸಿರುಗುಪ್ಪದ ಕಡೆಗೆ. ಆ ಬೇಸರ ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಆದರೆ ಅಲ್ಲಿ ಮುಂದೆ ಏನಾಯಿತು ಎಂಬುದನ್ನೂ ನೋಡಬೇಕು. ಬಹುಪಾಲು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ ಎಂದು ಯೋಜಿಸಿದ ಎಡದಂಡೆಯಲ್ಲಿ ಭತ್ತ ತುಂಬಿತು. ಎರೆ ಮಣ್ಣಿನಲ್ಲಿ ನೀರು ನಿಂತಿತು, ಬಸಿಗಾಲುವೆ ಸಾಲಲಿಲ್ಲ, ನೆಲದಡಿಯ ನೀರು ಮೇಲೇರಿತು, ಜೊತೆಗೆ ಉಪ್ಪೂ ಏರಿತು. ಸಾವಿರಾರು ಹೆಕ್ಟೇರ್ ಸವಳು ಜವಳಾಯಿತು. ತುಂಗಭದ್ರೆಯ ನೀರು ಉಪ್ಪುನೀರಲ್ಲ, ಒಳ್ಳೆಯ ಸಿಹಿನೀರು. ಉಪ್ಪು ನೆಲದಲ್ಲೇ ಇತ್ತು, ನೀರು ಅದನ್ನು ಎಬ್ಬಿಸಿತು ಅಷ್ಟೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇವತ್ತಿಗೂ ಇದೇ ಸವಳಿನ ಮೇಲೆ ಕೆಲಸ ನಡೆಯುತ್ತಿದೆ.

ಈಗ ನಮ್ಮ ಕಡೆಗೂ ನೀರು ಬರುತ್ತಿದೆ. ಹಡಗಲಿಗೆ ಸಿಂಗಟಾಲೂರು ಏತ ನೀರಾವರಿ, ಹಗರಿಬೊಮ್ಮನಹಳ್ಳಿಗೆ ಮಾಲವಿ ಜಲಾಶಯ ತುಂಬಿಸುವ ಯೋಜನೆ, ಕೂಡ್ಲಿಗಿ ತಾಲೂಕಿನ 74 ಕೆರೆಗಳಿಗೆ ನೀರು ತುಂಬಿಸುವ ಯೋಜನೆ. ಇದಕ್ಕಾಗಿ ಎಷ್ಟು ಜನ ಎಷ್ಟು ವರ್ಷ ಹೋರಾಡಿದ್ದಾರೆ ಎಂದು ನನಗೆ ಗೊತ್ತು. ನೀರು ಬೇಡ ಎನ್ನುವ ಮೂರ್ಖ ನಾನಲ್ಲ. ಕೆರೆ ತುಂಬಿದರೆ ಕೊಳವೆಬಾವಿಗೆ ಜೀವ ಬರುತ್ತದೆ. ನಾನು ಹೇಳುವುದು ಇಷ್ಟೇ: ತುಂಬಿದ ಕೆರೆಯ ನೀರು ಏರಿಯ ಕೆಳಗಿನ ತಗ್ಗಿಗೆ ಬಸಿಯುತ್ತದೆ. ಆ ತಗ್ಗು ಈಗಾಗಲೇ ಸವಳು. ಅಲ್ಲಿ ಈಗ ಹುಲ್ಲಿನ ಹೊದಿಕೆ ಇದೆ. ಜೆಸಿಬಿಯಿಂದ ಅದನ್ನು ಕೆರೆದು ಮಟ್ಟ ಮಾಡಿದರೆ ನೆಲ ಬತ್ತಲಾಗುತ್ತದೆ, ಅಡಿಯಲ್ಲಿ ನೀರು, ಮೇಲೆ ನಮ್ಮ ಬಿಸಿಲು. ಎರಡು ಬೇಸಿಗೆಯಲ್ಲಿ ಅಲ್ಲಿ ಏನೂ ಬೆಳೆಯದ ಬಿಳಿ ಪೊರೆ ಬರುತ್ತದೆ.

ಏನೂ ಅಂದರೆ ಏನೂ ಅಲ್ಲ, ಒಂದು ಬೆಳೆಯುತ್ತದೆ. ಅದಕ್ಕೆ ನಮ್ಮ ಹಳೆಯ ಜಿಲ್ಲೆಯದೇ ಹೆಸರು, ಬಳ್ಳಾರಿ ಜಾಲಿ. ಹೆಸರು ನಮ್ಮದಾದರೂ ಅದು ಬಂದದ್ದು ಅಮೆರಿಕ ಖಂಡದ ಒಣನಾಡುಗಳಿಂದ. ಅದಕ್ಕೂ ಉಪ್ಪು ಲೆಕ್ಕವಿಲ್ಲ. ಕಾಯಿಯನ್ನು ಕುರಿ, ದನ ತಿಂದು ಬೀಜವನ್ನು ಗೊಬ್ಬರದ ಜೊತೆಗೇ ಬಿತ್ತುತ್ತವೆ. ಕಡಿದರೆ ಬುಡದಿಂದ ನಾಲ್ಕು ಕವಲು ಬರುತ್ತದೆ. ಒಮ್ಮೆ ದಟ್ಟವಾದರೆ ಅದರಡಿ ಹುಲ್ಲು ಬರುವುದಿಲ್ಲ, ಕುರಿ ನುಗ್ಗುವುದಿಲ್ಲ. ಸೌದೆ, ಇದ್ದಿಲು ಸಿಗುತ್ತದೆ, ಒಪ್ಪುತ್ತೇನೆ. ಗೋಮಾಳದ ಮೂಡಣ ಮೂಲೆಯಲ್ಲಿ ಈಗಾಗಲೇ ಅದರ ಸಾಲು ಬಂದಿದೆ. ಯಂತ್ರ ತರುವುದೇ ಆದರೆ ಆ ಮೂಲೆಗೆ ತನ್ನಿ, ಬುಡ ಸಹಿತ ಕೀಳಿಸಿ, ಅದೇ ಮಳೆಗಾಲದಲ್ಲಿ ಆ ಜಾಗಕ್ಕೆ ಗರಿಕೆಯ ಗೆಣ್ಣು ಊರಿ. ಬೀಜವೇ ಬೇಕಿಲ್ಲ, ಬದುವಿನಿಂದ ಕಿತ್ತು ತಂದ ಒಂದೊಂದು ಗೆಣ್ಣೂ ಬೇರು ಬಿಡುತ್ತದೆ. ಮೊದಲ ಹದ ಮಳೆ ಮೇಲಿನ ಉಪ್ಪನ್ನು ತೊಳೆದ ಮೇಲೆ ಊರಬೇಕು. ಎಷ್ಟೇ ಗಟ್ಟಿ ಹುಲ್ಲಾದರೂ ಮೊಳಕೆ ಮತ್ತು ಎಳೆಬೇರಿನ ಹೊತ್ತಿನಲ್ಲಿ ಮೃದು. ಕಾಡಿನಲ್ಲೂ ಸವಳಿನ ಹುಲ್ಲಿನ ಬೀಜ ಮಳೆ ಬಂದು ಉಪ್ಪು ತೆಳುವಾಗುವವರೆಗೆ ಕಾಯುತ್ತದೆ. ಊರಿದ ಮೊದಲ ವರ್ಷ ಕುರಿ ಬಿಡಬಾರದು. ಇದಕ್ಕೆ ಅಜ್ಜನಂಥವರ ಒಪ್ಪಿಗೆ ಮೊದಲು ಬೇಕು, ಅವರ ಕುರಿಗೆ ಆ ವರ್ಷ ಬೇರೆ ಜಾಗ ತೋರಿಸಬೇಕು.

ಜಿಪ್ಸಂ ಹಾಕಿದರೆ ಸರಿಹೋಗುವುದಿಲ್ಲವೇ ಎಂದು ನನ್ನ ಗೆಳೆಯನೊಬ್ಬ ನಿನ್ನೆ ಕೇಳಿದ. ಕ್ಷಾರದ ನೆಲಕ್ಕೆ, ಅಂದರೆ ಪಿಎಚ್ 8.5 ದಾಟಿ, ಮಳೆ ಬಂದರೆ ಅಂಟಾಗಿ ಒಣಗಿದರೆ ಕಲ್ಲಾಗುವ ನೆಲಕ್ಕೆ ಜಿಪ್ಸಂ ಕೆಲಸ ಮಾಡುತ್ತದೆ. ಬರಿಯ ಉಪ್ಪಿನ ನೆಲಕ್ಕೆ ಅದರಿಂದ ಉಪಯೋಗವಿಲ್ಲ, ಅಲ್ಲಿ ಬೇಕಾದ್ದು ಸಿಹಿನೀರಿನಲ್ಲಿ ತೊಳೆಯುವುದು ಮತ್ತು ತೊಳೆದ ನೀರು ಹೋಗಲು ದಾರಿ. ಎರಡರಲ್ಲಿ ನಮ್ಮದು ಯಾವುದು ಎಂದು ಅಳೆಯದೆ ದುಡ್ಡು ಸುರಿಯಬಾರದು.

ಅಳೆಯುವ ಮಾತು ಬಂತಲ್ಲ. ಒಂದು ಇಸಿ ಮೀಟರು, ಒಂದು ಪಿಎಚ್ ಮೀಟರು ತಂದಿದ್ದೇನೆ. ಎರಡೂ ಪೆನ್ನಿನ ಗಾತ್ರದವು, ಬ್ಯಾಟರಿಯವು, ಈಗ ವಿಜ್ಞಾನ ಕೊಠಡಿಯ ಬೀರುವಿನಲ್ಲಿವೆ. ಒಂಬತ್ತನೇ ತರಗತಿಯವರಿಗೆ ಒಂದು ಕೆಲಸ. ಗೋಮಾಳದಲ್ಲಿ ಏರಿಯ ಬುಡದಿಂದ ಹಳ್ಳದವರೆಗೆ ನೇರ ಗೆರೆಯಲ್ಲಿ ಹತ್ತು ಗೂಟ ಹೊಡೆಯಿರಿ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಪ್ರತಿ ಗೂಟದ ಬುಡದಿಂದ ಒಂದು ಗೇಣು ಆಳದ ಮಣ್ಣು ತಂದು ಒಣಗಿಸಿ, ಜರಡಿ ಹಿಡಿದು, ಎರಡೂವರೆ ಪಟ್ಟು ಶುದ್ಧ ನೀರಿನಲ್ಲಿ ಕಲಸಿ ಅಳೆಯಿರಿ. ಕೊಳವೆಬಾವಿಯ ನೀರು ಬಳಸಬೇಡಿ, ಅದರಲ್ಲೇ ಉಪ್ಪಿದೆ; ಬ್ಯಾಟರಿಗೆ ಹಾಕುವ ನೀರು ಕೊಟ್ಟೂರಿನಲ್ಲಿ ಸಿಗುತ್ತದೆ. ಯಾವ ಗೂಟದ ಬಳಿ ಯಾವ ಹುಲ್ಲು ಇದೆ ಎಂಬುದನ್ನೂ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಒಂದು ಎಸಳು, ಒಂದು ತೆನೆ ಹಾಳೆಗೆ ಅಂಟಿಸಿ, ಅಜ್ಜನನ್ನು ಕೇಳಿ. ಸಂಖ್ಯೆಗಳನ್ನು ನನಗೆ ಕಳಿಸಿದರೆ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಕೆರೆಗೆ ನೀರು ಬರುವ ಮೊದಲು ಒಂದು ಏಪ್ರಿಲ್‌ನ ಅಳತೆಯಾದರೂ ನಮ್ಮ ಕೈಯಲ್ಲಿರಬೇಕು. ಆಮೇಲೆ ಮಟ್ಟ ಮಾಡಬೇಕೋ ಬೇಡವೋ ಎಂದು ಊರವರು ಕೂತು ಮಾತಾಡುವಾಗ ಆ ಹಾಳೆಯನ್ನು ನಡುವೆ ಇಟ್ಟುಕೊಳ್ಳಬಹುದು.

ಮೀಟರನ್ನು ಉಪಯೋಗಿಸಿದ ಮೇಲೆ ಶುದ್ಧ ನೀರಿನಲ್ಲಿ ತೊಳೆದು, ಮುಚ್ಚಳ ಹಾಕಿ ಇಡಿ.